ಸಾಹೇಬರಿಗೆ ವರ್ಗ ಆಯಿತು, ಟೋಕನ್ ಅವರ ಜೊತೆ ಹೋಯಿತು

ಘಟಪ್ರಭಾ_ದಂಡೆ (ಮುಧೋಳ):
ನಾನು ಒಂದು ಕಚೇರಿಯಲ್ಲಿ ಟೆಂಡರ್ ಕೆಲಸ ನೋಡುತ್ತೇನೆ. ಹೋದ ತಿಂಗಳು ಕುಡಿಯುವ ನೀರಿನ ಪೈಪ್‌ಲೈನ್ ಟೆಂಡರ್ ತೆರೆಯಬೇಕಿತ್ತು. ನಾಲ್ಕು ಬಿಡ್ (ಗುತ್ತಿಗೆದಾರರು ರೇಟು ಬರೆದು ಹಾಕುವ ಅರ್ಜಿ) ಆನ್‌ಲೈನ್‌ನಲ್ಲಿ ಬಂದಿದ್ದವು. ಅವನ್ನು ತೆರೆಯುವ ಟೋಕನ್ (ಡಿಜಿಟಲ್ ಕೀ ಇರುವ, ಪೆನ್‌ಡ್ರೈವ್ ತರಹದ ಸಾಧನ) ಇದ್ದ ಸಾಹೇಬರಿಗೆ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗ. ಎರಡು ದಿನ ಫೋನ್ ಮಾಡಿದೆ. ಕೊನೆಗೆ ಪಾಪ ಅವರೇ ಬಸ್ ಹತ್ತಿ ಬಂದರು. ಅಲ್ಲಿವರೆಗೂ ಗುತ್ತಿಗೆದಾರರು ದಿನಾ ಬಂದು ವರಾಂಡದಲ್ಲಿ ಕೂರುತ್ತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಹೊಸ ಸಾಹೇಬರು ಈಗ ಐದು ಜನರಿಗೆ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಮಾಡಿಸಿ, ಟೋಕನ್ ಎಲ್ಲಾ ನಿಮ್ಮ ಕಪಾಟಿನಲ್ಲೇ ಇಡಿ, ಪಾಸ್‌ವರ್ಡ್ ಬರೆದು ಅಂಟಿಸಿಬಿಡಿ ಅನ್ನುತ್ತಾರೆ. ಕೆಲಸ ನಿಲ್ಲಬಾರದು ಅಂತಲೇ ಹೇಳಿದ್ದು. ಆದರೂ ನನಗೆ ಭಯ. ಸರಿಯಾದ ದಾರಿ ಯಾವುದು?

ಗುಮ್ಮಟದ_ಓಣಿ (ವಿಜಯಪುರ):
ಅಕ್ಕಾರೇ, ನಿಮ್ಮ ಭಯ ಸರಿಯಾಗೇ ಇದೆ. ನಾನು ಡಿಎಸ್‌ಸಿ ಮಾಡಿಸಿಕೊಡುವ ಕೆಲಸದಲ್ಲಿದ್ದೇನೆ. 2000ರ ಐಟಿ ಕಾಯ್ದೆಯ 42ನೇ ಕಲಂ ಪ್ರಕಾರ ಪ್ರೈವೇಟ್ ಕೀ (ಟೋಕನ್ ಒಳಗಿನ ಗುಟ್ಟಿನ ಕೀ) ಕಾಯುವ ಹೊಣೆ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆಯೋ ಅವರದ್ದೇ. ಚೀಟಿ ಅಂಟಿಸಿದ ಟೋಕನ್‌ನಿಂದ ನಾಳೆ ಯಾರೋ ಸಹಿ ಹಾಕಿದರೆ, "ನಾನಲ್ಲ" ಅಂತ ಸಾಹೇಬರು ಹೇಗೆ ತೋರಿಸುತ್ತಾರೆ?

ಎರಡು ಕೀಗಳನ್ನು ಬೇರೆ ಬೇರೆಯಾಗಿ ನೋಡಿ. ಸಹಿಯ ಕೀ ಆ ವ್ಯಕ್ತಿಯದ್ದು. ಅದು ಟೋಕನ್ ಒಳಗೇ ಹುಟ್ಟುತ್ತದೆ, ಅದಕ್ಕೆ ನಕಲು ಇರಲೇಬಾರದು. ಹಾಳಾದರೆ ಹೊಸದು ಮಾಡಿಸಿದರಾಯಿತು, ಹಳೇ ಸಹಿಗಳನ್ನು ಪಬ್ಲಿಕ್ ಕೀಯಿಂದ (ಎಲ್ಲರಿಗೂ ಸಿಗುವ ಅದರ ಜೋಡಿ ಕೀ) ಪರೀಕ್ಷಿಸಬಹುದು. ಎನ್‌ಕ್ರಿಪ್ಷನ್ ಕೀ, ಅಂದರೆ ಬಿಡ್ ಲಾಕ್ ಮಾಡಿ ತೆರೆಯುವ ಕೀ, ಹಾಗಲ್ಲ. ತೆರೆಯುವ ಅಧಿಕಾರಿಯ ಪಬ್ಲಿಕ್ ಕೀಯಿಂದ ಲಾಕ್ ಆದ ಬಿಡ್, ಅದರ ಜೋಡಿ ಪ್ರೈವೇಟ್ ಕೀ ಇಲ್ಲದೆ ತೆರೆಯೋದೇ ಇಲ್ಲ. ಹಾಗಾಗಿ ಒಬ್ಬರನ್ನೇ ನಂಬಬೇಡಿ. ಎನ್‌ಐಸಿಯ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ) ಇ-ಟೆಂಡರ್ ವ್ಯವಸ್ಥೆಯಾದ ಜೆಪ್‌ನಿಕ್‌ನಲ್ಲಿ ನಾಲ್ಕು ಜನರನ್ನು ನೇಮಿಸಿ, ಅವರಲ್ಲಿ ಇಬ್ಬರು ಬಂದರೆ ತೆರೆಯುವ ಹಾಗೆ ಇಡಬಹುದು. ನಿಮ್ಮ ಪೋರ್ಟಲ್‌ನಲ್ಲಿ ಏನು ಅವಕಾಶ ಇದೆ ಅಂತ ಅದರ ಸಹಾಯವಾಣಿಗೆ ಕೇಳಿ, ಟೆಂಡರ್ ಹಾಕುವ ಮೊದಲೇ. ಆಮೇಲೆ ಕೇಳಿ ಉಪಯೋಗ ಇಲ್ಲ.

2021ರ ಜನವರಿಯಿಂದ ಕ್ಲಾಸ್ 2 ದರ್ಜೆಯ ಡಿಎಸ್‌ಸಿ ಇಲ್ಲ, ಟೆಂಡರ್‌ಗೆ ಕ್ಲಾಸ್ 3 ತಗೊಳ್ಳಿ. ಸಿಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಮೇಲಿನ ಸರ್ಕಾರಿ ನಿಯಂತ್ರಕರು) ಪರವಾನಗಿ ಇರುವ ಸಂಸ್ಥೆಯಿಂದಲೇ ಮಾಡಿಸಿ.

ಕುಂದಾ_ಊರಿನವ (ಬೆಳಗಾವಿ):
ನಾನು ಗುತ್ತಿಗೆದಾರ. ನಮ್ಮ ರೇಟು ತೆರೆಯುವ ದಿನದವರೆಗೆ ಯಾರಿಗೂ ಕಾಣಬಾರದು, ಅಲ್ವಾ? ಕಪಾಟಿನಲ್ಲಿ ಎಲ್ಲಾ ಟೋಕನ್ ಒಟ್ಟಿಗೆ ಇದೆ ಅಂತ ಗೊತ್ತಾದರೆ ನಾನಂತೂ ಅಲ್ಲಿ ಬಿಡ್ ಹಾಕೋಕೆ ಹಿಂಜರಿಯುತ್ತೇನೆ. ಇನ್ನೊಂದು ಮಾತು: ಅವಧಿ ಮುಗಿಯಿತು ಅಂತ ಟೋಕನ್‌ನಿಂದ ಹಳೇ ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ ಅಳಿಸಬೇಡಿ. ಅದಕ್ಕೆ ಲಾಕ್ ಆದ ಬಿಡ್ ಬಾಕಿ ಇರಬಹುದು.

ಘಟಪ್ರಭಾ_ದಂಡೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಸಾಹೇಬರ ಮುಂದೆ 42ನೇ ಕಲಂ ಓದಿದೆ. ಎರಡು ಸಲ ಕೇಳಿಸಿಕೊಂಡರು. ಟೋಕನ್ ಅವರವರ ಹತ್ತಿರವೇ ಇರಲಿ ಅಂತ ಒಪ್ಪಿದರು. ವರ್ಗವಾದವರು ಚಾರ್ಜ್ ಕೊಡುವಾಗ ತೆರೆಯದ ಬಿಡ್‌ಗಳ ಪಟ್ಟಿ ಕೊಡಬೇಕು. ಅವನ್ನೆಲ್ಲ ತೆರೆದ ಮೇಲೆ ಸರ್ಟಿಫಿಕೇಟ್ ರದ್ದು ಮಾಡಿಸಬೇಕು. ಇಷ್ಟು ಬರೆದು ಟಿಪ್ಪಣಿ ಇಟ್ಟಿದ್ದೇನೆ. ಸೋಮವಾರ ಸಹಾಯವಾಣಿಗೆ ಫೋನ್ ಮಾಡಿ, ಎಷ್ಟು ಜನರನ್ನು ಇಡಬಹುದು ಅಂತ ಇಲ್ಲೇ ಹಾಕುತ್ತೇನೆ.