ಡಿಸ್ಕಸ್ ಮೀನಿನ ತೊಟ್ಟಿಯ ತಳ: ಮರಳೋ, ಬರಿಗಾಜೋ?

ಪ್ರಶ್ನೆ: 120×45 ಸೆಂ.ಮೀ. ತಳದ ತೊಟ್ಟಿ, ನೀರು 29 ಡಿಗ್ರಿ. 6 ಸೆಂ.ಮೀ. ಗಾತ್ರದ ಆರು ಮರಿಗಳು ಬರಲಿವೆ. ತಳಕ್ಕೆ ಏನು ಹಾಕಲಿ? ಜಲ್ಲಿ ನಡೆಯುತ್ತದೆಯೇ?

ಉತ್ತರ 1: ಜಲ್ಲಿ ಬೇಡವೇ ಬೇಡ. ಮರಿಗಳಿಗೆ ದಿನಕ್ಕೆ ನಾಲ್ಕೈದು ಬಾರಿ ಆಹಾರ ಬೇಕು. ಉಳಿದ ಚೂರು ಕಲ್ಲುಗಳ ಸಂದಿಗಿಳಿದು, ಆ ಬಿಸಿ ನೀರಲ್ಲಿ ಬೇಗ ಕೊಳೆತು ಅಮೋನಿಯಾ ಆಗುತ್ತದೆ. 12 ಸೆಂ.ಮೀ. ಬೆಳೆಯುವವರೆಗೆ ಬರಿಗಾಜೇ ಇರಲಿ, ಕಸ ಕಣ್ಣಿಗೆ ಕಾಣುತ್ತದೆ, ಪೈಪಿನಿಂದ ಎಳೆದರೆ ಮುಗಿಯಿತು. ತಳದ ಪ್ರತಿಫಲನಕ್ಕೆ ಮರಿಗಳು ಬೆದರಿದರೆ ಗಾಜಿನ ಹೊರಬದಿಗೆ ತಿಳಿ ಬಣ್ಣ ಬಳಿಯಿರಿ. ಪಿಜನ್ ಬ್ಲಡ್ ತಳಿಯಾದರೆ ಕಪ್ಪು ಬೇಡ, ಮೈಮೇಲೆ ಮೆಣಸಿನಪುಡಿಯಂಥ ಚುಕ್ಕೆ ಹೆಚ್ಚುತ್ತದೆ.

ಉತ್ತರ 2: ಮರಿಗಳಿಗೆ ಒಪ್ಪುವ ಮಾತು. ಆದರೆ ದೊಡ್ಡವಕ್ಕೆ ಮರಳೇ ಚೆಂದ. ಬಾಯಿಂದ ನೀರು ಊದಿ ಮರಳು ಕೆದಕಿ ತಿನ್ನುವುದು ಅವುಗಳ ಸಹಜ ಗುಣ. ಅರ್ಧದಿಂದ 1 ಮಿ.ಮೀ. ಕಣದ ಸಿಲಿಕಾ ಮರಳು, ದಪ್ಪ 2 ಸೆಂ.ಮೀ. ನಿಮ್ಮ ತಳಕ್ಕೆ ಸುಮಾರು 11 ಲೀಟರ್, ಅಂದರೆ 17 ಕೆಜಿ. ನೀರು ತಿಳಿಯಾಗುವವರೆಗೂ ತೊಳೆಯಿರಿ. ಇನ್ನೂ ದಪ್ಪ ಹಾಕಿದರೆ ಅಡಿಯಲ್ಲಿ ಆಮ್ಲಜನಕ ಮುಟ್ಟದೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಉತ್ತರ 3: ಹಾಕುವ ಮೊದಲು ಒಂದು ಹಿಡಿ ಮರಳಿಗೆ ವಿನೆಗರ್ ಸುರಿಯಿರಿ. ನೊರೆ ಎದ್ದರೆ ಸುಣ್ಣದ ಅಂಶವಿದೆ; ಗಡಸುತನ, ಪಿಎಚ್ ಎರಡೂ ಏರುತ್ತವೆ. ಹವಳದ ಪುಡಿಗೂ ಇದೇ ದೋಷ. ಗಿಡ ಬೇಕಾದರೆ ಕುಂಡದಲ್ಲಿಡಿ, ಎತ್ತಿಟ್ಟು ಸ್ವಚ್ಛ ಮಾಡಬಹುದು. ಸೈಫನ್ (ಕಸ ಎಳೆಯುವ ಪೈಪ್) ತುದಿ ಮರಳಿನಿಂದ 2 ಸೆಂ.ಮೀ. ಮೇಲಿರಲಿ.