ಸಂತ ಅಂತೋಣಿಯವರ ಬಗ್ಗೆ ಅಧ್ಯಯನ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಇತಿಹಾಸ ಎಂ.ಎ. ಸೆಮಿನಾರಿಗೆ ಇಟಲಿಯ ಪಾದುವಾ ಊರಿನ ಸಂತ ಅಂತೋಣಿಯವರನ್ನು ಆರಿಸಿಕೊಂಡಿದ್ದೇನೆ. ಬೀಗದ ಕೈ ಕಳೆದರೂ ನಮ್ಮಜ್ಜಿ ಅವರಿಗೇ ಹರಕೆ ಹೇಳಿಕೊಳ್ಳುತ್ತಾರೆ, ಆಸಕ್ತಿ ಹುಟ್ಟಿದ್ದು ಅಲ್ಲಿಂದ. ಆದರೆ ಸಿಗುವುದೆಲ್ಲ ಬರೀ ಪವಾಡದ ಕಥೆಗಳು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ನನಗೆ ಲ್ಯಾಟಿನ್ ಬರುವುದಿಲ್ಲ. ಇಂಥ ಕೆಲಸ ಮಾಡಿದವರು ದಾರಿ ಹೇಳಿ.

ಮೊದಲ ಉತ್ತರ

ಯಾವುದನ್ನೂ ಬಿಡಬೇಡಿ. ಪ್ರತಿ ಕಥೆಯ ಪಕ್ಕದಲ್ಲಿ ಅದು ಮೊದಲು ಬರವಣಿಗೆಗೆ ಬಂದ ಕಾಲ ಬರೆದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಅಂತೋಣಿ ಹುಟ್ಟಿದ್ದು ಲಿಸ್ಬನ್‌ನಲ್ಲಿ, ತೀರಿಕೊಂಡಿದ್ದು 1231ರ ಜೂನ್ 13ರಂದು, ಪಾದುವಾ ಪಕ್ಕದ ಆರ್ಚೆಲ್ಲಾದಲ್ಲಿ. 1232ರ ಮೇ 30ಕ್ಕೆ ಒಂಬತ್ತನೇ ಗ್ರೆಗರಿ ಪೋಪ್ ಅವರನ್ನು ಸಂತರೆಂದು ಘೋಷಿಸಿಯೇಬಿಟ್ಟರು. ವರ್ಷವೂ ತುಂಬಿರಲಿಲ್ಲ! ಅದೇ ಹೊತ್ತಿಗೆ ಹೆಸರು ಹೇಳದ ಒಬ್ಬ ಫ್ರಾನ್ಸಿಸ್ಕನ್ (ಸಂತ ಫ್ರಾನ್ಸಿಸರ ಪಂಥದ) ಸನ್ಯಾಸಿ ಅವರ ಮೊದಲ ಜೀವನ ಚರಿತ್ರೆ ಬರೆದರು. ಅದಕ್ಕೆ 'ಅಸಿದುವಾ' ಅಂತ ಹೆಸರು. ಓದು ಶುರುವಾಗಬೇಕಾದದ್ದು ಅಲ್ಲಿಂದ. ಇಂಗ್ಲಿಷ್ ಅನುವಾದ ಇದೆ, ಲ್ಯಾಟಿನ್ ಇಲ್ಲದಿದ್ದರೂ ನಡೆಯುತ್ತದೆ.

ಓದಿದರೆ ಆಶ್ಚರ್ಯ ಆಗುತ್ತದೆ. ಮೀನುಗಳಿಗೆ ಉಪದೇಶ ಮಾಡಿದ್ದು ಅದರಲ್ಲಿಲ್ಲ. ಬಾಲಯೇಸುವನ್ನು ಎತ್ತಿಕೊಂಡಿದ್ದೂ ಇಲ್ಲ. ಅವೆಲ್ಲ ಬಂದಿದ್ದು ನಂತರದ ಸಂಗ್ರಹಗಳಲ್ಲಿ. ಕೊನೆಯಲ್ಲಿ ಪವಾಡಗಳ ಪಟ್ಟಿ ಇದೆ ನಿಜ, ಆದರೆ ಬಹುಪಾಲು ಅವರು ತೀರಿಕೊಂಡ ಮೇಲಿನವು: ಸಮಾಧಿ ಹತ್ತಿರ ಕುಂಟರು ನಡೆದರು, ಕುರುಡರಿಗೆ ಕಣ್ಣು ಬಂತು, ಈ ಥರದವು. ಸಂತ ಪದವಿಯ ವಿಚಾರಣೆಗೆ ಬೇಕಾಗಿದ್ದೂ ಅಂಥವೇ.

ಅದರಲ್ಲಿ ನನಗೆ ಇಷ್ಟವಾದ ಭಾಗ ದೇಹಕ್ಕಾಗಿ ನಡೆದ ಜಗಳ. ಆರ್ಚೆಲ್ಲಾದ ಸನ್ಯಾಸಿನಿಯರಿಗೆ ದೇಹ ತಮ್ಮಲ್ಲೇ ಉಳಿಯಬೇಕಿತ್ತು. ಸುತ್ತಲಿನ ಜನ ಆಯುಧ ಹಿಡಿದು ಅವರ ಪರ ನಿಂತರು. ಪಾದುವಾದ ಸನ್ಯಾಸಿಗಳು ತಮಗೇ ಬೇಕೆಂದು ಹಟ ಹಿಡಿದರು. ಬಿಷಪ್ಪರೂ ಊರಿನ ಅಧಿಕಾರಿಗಳೂ ನಡುವೆ ಬರಬೇಕಾಯಿತು. ಕೊನೆಗೆ ಜೂನ್ 17, ಮಂಗಳವಾರ, ಪಾದುವಾದಲ್ಲಿ ಮಣ್ಣು ಮಾಡಿದರು. ನಮ್ಮ ಚರ್ಚುಗಳಲ್ಲೂ ಅಂತೋಣಿಯವರ ನೊವೆನಾ (ಹರಕೆಯ ಪ್ರಾರ್ಥನೆ) ಮಂಗಳವಾರವೇ ನಡೆಯುತ್ತದಲ್ವಾ? ಆ ರೂಢಿಗೆ ಮೂಲ ಈ ಮಂಗಳವಾರ. ಭಕ್ತಿಯನ್ನು ಅಧ್ಯಯನ ಮಾಡುವವರಿಗೆ ಮೀನಿನ ಕಥೆಗಿಂತ ಇಂಥದ್ದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪವಾಡ ಬಿಟ್ಟು ದಾಖಲೆಯೂ ಬೇಕು. 1231ರ ಮಾರ್ಚ್‌ನಲ್ಲಿ ಪಾದುವಾ ನಗರ ಸಾಲಗಾರರ ಬಗ್ಗೆ ಒಂದು ಕಾನೂನು ಮಾಡಿತು. ಆಸ್ತಿಯೆಲ್ಲ ಬಿಟ್ಟುಕೊಟ್ಟ ಸಾಲಗಾರನನ್ನು ಜೈಲಿನಲ್ಲಿಡಬಾರದು ಅಂತ. ಅಂತೋಣಿಯವರ ಕೋರಿಕೆ ಮೇಲೆ ಮಾಡಿದ್ದು ಅಂತ ಅದರಲ್ಲೇ ಬರೆದಿದೆ. ಬಡ್ಡಿ ವ್ಯಾಪಾರಿಗಳ ವಿರುದ್ಧ ಅವರು ಮಾತಾಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕೇ?

ಎರಡನೇ ಉತ್ತರ

ಮೇಲಿನವರು ಹೇಳಿದ್ದು ಸರಿ, ಆದರೆ ಹುಷಾರು. ಜನ ಇಷ್ಟಪಡುವುದೆಲ್ಲ ತಡವಾಗಿ ಬಂದದ್ದು ಅಂತ ತೀರ್ಮಾನಿಸಬೇಡಿ. ನಿಮ್ಮಜ್ಜಿಯ ಬೀಗದ ಕೈಯನ್ನೇ ತಗೊಳ್ಳಿ. ಜರ್ಮನಿಯ ಸ್ಪೈಯರ್ ಊರಿನ ಸನ್ಯಾಸಿ ಜೂಲಿಯನ್ 13ನೇ ಶತಮಾನದಲ್ಲೇ ಬರೆದ ಪ್ರಾರ್ಥನಾ ಗೀತೆಯಲ್ಲಿ, ಕಳೆದುಹೋದದ್ದನ್ನು ಬೇಡಿದವರಿಗೆ ಸಿಗುತ್ತದೆ ಅನ್ನುವ ಮಾತಿದೆ. ಅಂತೋಣಿಯವರ ಕೀರ್ತನೆ ಪುಸ್ತಕ ಕದ್ದ ಶಿಷ್ಯ ಅದನ್ನು ವಾಪಸು ತಂದುಕೊಟ್ಟ ಕಥೆ ಪ್ರಚಾರಕ್ಕೆ ಬಂದಿದ್ದು ಆಮೇಲೆ. ಅಂದರೆ ನಂಬಿಕೆ ಮೊದಲು, ಅದಕ್ಕೊಂದು ಕಾರಣದ ಕಥೆ ಆಮೇಲೆ. ಸೆಮಿನಾರಿಗೆ ಇಷ್ಟೇ ಸಾಕು ಅನಿಸುತ್ತದೆ ನನಗೆ.

ಚಿತ್ರಗಳನ್ನೂ ನೋಡಿ. ಸ್ಪೇನಿನ ಸೆವಿಲ್ ಕೆಥೆಡ್ರಲ್‌ನಲ್ಲಿ ಕಲಾವಿದ ಮುರಿಲ್ಲೋ 1656ರಲ್ಲಿ ಬರೆದ ದೊಡ್ಡ ಚಿತ್ರ ಇದೆ, ಬಾಲಯೇಸು ಅಂತೋಣಿಗೆ ಕಾಣಿಸಿಕೊಂಡದ್ದು. 1874ರಲ್ಲಿ ಕಳ್ಳರು ಅಂತೋಣಿಯವರನ್ನಷ್ಟೇ ಕತ್ತರಿಸಿ ಒಯ್ದರು. ಮರುವರ್ಷ ನ್ಯೂಯಾರ್ಕಿನಲ್ಲಿ ಸಿಕ್ಕಿತು. ಕಳೆದದ್ದನ್ನು ಹುಡುಕಿಕೊಡುವ ಸಂತರೇ ಕಳೆದುಹೋಗಿದ್ದರು!

ಮೂರನೇ ಉತ್ತರ, ಮೈಸೂರು ಕಡೆಯಿಂದ

ನಾನು ಕೆಲಸ ಮಾಡಿದ್ದು ಪುಸ್ತಕದ ಮೇಲಲ್ಲ, ಡೋರನಹಳ್ಳಿಯಲ್ಲಿ. ಕೆ.ಆರ್. ನಗರದ ಕಡೆ ಇರುವ ಅಂತೋಣಿಯವರ ಬಸಿಲಿಕ. ಹೊಲ ಉಳುವಾಗ ರೈತನಿಗೆ ವಿಗ್ರಹ ಸಿಕ್ಕಿತು ಅನ್ನುವುದು ಅಲ್ಲಿನ ಕಥೆ. ನೇಗಿಲಿಗೆ ದೇವರು ಸಿಗುವ ಕಥೆ ನಮ್ಮಲ್ಲಿ ಎಷ್ಟು ಊರುಗಳಲ್ಲಿಲ್ಲ ಹೇಳಿ? ಪಾದುವಾದ ಸಂತರು ಕನ್ನಡದ ನೆಲದಲ್ಲಿ ಊರ ದೇವರ ಹಾಗೆಯೇ ಬಂದು ನೆಲೆಸಿದ್ದಾರೆ. ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ.

ಜನರನ್ನು ಮಾತಾಡಿಸುವಾಗ "ನೀವು ನಂಬುತ್ತೀರಾ?" ಅಂತ ಕೇಳಬೇಡಿ, ಮುಖ ತಿರುಗಿಸಿಕೊಳ್ಳುತ್ತಾರೆ. "ಏನು ಹರಕೆ ತಾಯಿ, ಯಾರು ಹೇಳಿದರು ಇಲ್ಲಿಗೆ ಬರಲು?" ಅಂತ ಕೇಳಿ, ಮಾತು ತಾನಾಗಿ ಬರುತ್ತದೆ. ಜೂನ್ 13ರ ಹಬ್ಬದ ದಿನ ಸುಮ್ನೆ ನೋಡಲು ಹೋಗಿ, ಮಾತಿಗೆ ಬೇರೆ ದಿನ ಹೋಗಿ. ಹಬ್ಬದ ನೂಕುನುಗ್ಗಲಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನಮ್ಮೂರ ಹತ್ತಿರದ ಒಂದು ಗುಡಿಯಲ್ಲಿ ಅಂತೋಣಿಯವರ ಹಬ್ಬ ಜನವರಿಯಲ್ಲಿ ಮಾಡುತ್ತಾರೆ. ಅದು ಯಾಕೆ?

ಮೊದಲ ಉತ್ತರದವರು

ಜನವರಿ 17 ಆದರೆ ಅವರು ಬೇರೆ ಅಂತೋಣಿ. ಈಜಿಪ್ಟಿನ ಮರುಭೂಮಿಯ ತಪಸ್ವಿ, ಪಾದುವಾದ ಅಂತೋಣಿಗಿಂತ ಸುಮಾರು ಒಂಬೈನೂರು ವರ್ಷ ಹಿಂದಿನವರು. ಗಡ್ಡ ಇದ್ದು ಪಕ್ಕದಲ್ಲಿ ಹಂದಿ ಇದ್ದರೆ ಅವರೇ. ಬೊಲ್ಲಾಂಡಿಸ್ಟರು ಅನ್ನುವ ಜೆಸ್ವಿಟ್ ವಿದ್ವಾಂಸರ 'ಆಕ್ಟಾ ಸಾಂಕ್ಟೋರಮ್' (ಸಂತರ ಚರಿತ್ರೆಗಳ ದೊಡ್ಡ ಲ್ಯಾಟಿನ್ ಸಂಗ್ರಹ) ತೆಗೆದಾಗಲೂ ಇದು ನೆನಪಿರಲಿ. ಅದರಲ್ಲಿ ಸಂತರನ್ನು ಜೋಡಿಸಿರುವುದು ಹಬ್ಬದ ತಾರೀಖಿನ ಪ್ರಕಾರ, ನಿಮಗೆ ಬೇಕಾದ್ದು ಜೂನ್ ಸಂಪುಟ.