ಅಟ್ಟದಲ್ಲಿ ಸಿಕ್ಕ ಎರಡು ಹಳೇ ಹೂಜಿ, ಎಲ್ಲಿಯವು, ಒಳಗೆ ಏನಿತ್ತು ಗೊತ್ತಾಗ್ಬೇಕು

ಅಟ್ಟದಹುಡುಕಾಟ:
ನಮಸ್ಕಾರ ಎಲ್ಲರಿಗೂ. ಅಟ್ಟ ಕ್ಲೀನ್ ಮಾಡ್ವಾಗ ಎರಡು ಕಲ್ಲಿನ ಥರ ಗಟ್ಟಿ ಇರೋ ಹೂಜಿ ಸಿಕ್ಕಿವೆ. ಒಂದು ಉದ್ದಕ್ಕೆ ತೆಳ್ಳಗೆ, ಕಂದು ಕೇಸರಿ ಬಣ್ಣ, ಭುಜದ ಹತ್ರ ಒಂದೇ ಒಂದು ಸಣ್ಣ ಕಿವಿ, ಅದರ ಎದುರಿಗೆ ದುಂಡನೆ ಮುದ್ರೆ, ಮಧ್ಯೆ ಸಿಂಹದ ಥರ ಏನೋ ಇದೆ, ಸುತ್ತ ಅಕ್ಷರ ಅರ್ಧಂಬರ್ಧ ಸವೆದಿದೆ, 'ಸೆಲ್ಟ್' ಅಂತ ಮಾತ್ರ ಓದೋಕಾಗುತ್ತೆ. ಇನ್ನೊಂದು ಕುಳ್ಳು, ಪೂರ್ತಿ ಕಂದು, ಬಾಯಂಚಲ್ಲಿ ಸುರಿಯೋಕೆ ಒಂದು ಚಿಕ್ಕ ತುಟಿ ಎಳೆದಿದಾರೆ, ಬುಡದ ಹತ್ರ ನಾಲ್ಕೈದು ಸಾಲು ಇಂಗ್ಲಿಷ್ ಒತ್ತಿದಾರೆ, 'ವಿಟ್ರಿಯಸ್ ಸ್ಟೋನ್ ಬಾಟಲ್ಸ್' ಅನ್ನೋದು ಬಿಟ್ರೆ ಮಿಕ್ಕಿದ್ದು ಕೊಳೆ ತುಂಬಿ ಕಾಣ್ತಿಲ್ಲ. ಮನೇಲಿ ದೊಡ್ಡೋರು ಎರಡೂ ಎಣ್ಣೆ ಹೂಜಿ ಅಂತಾರೆ. ಬಿಸಿನೀರು ಸೋಪು ಹಾಕಿ ತೊಳೆದ್ರೆ ನಡೆಯುತ್ತಾ?

ಮಣ್ಣುಬೆಂಕಿ:
ದಯವಿಟ್ಟು ಒಳಗಡೆ ಈಗಲೇ ತೊಳೀಬೇಡಿ!! ತಳದಲ್ಲಿ ಅಂಟಿರೋ ಕರೆ, ಹೂಜಿ ಕತ್ತಿನಲ್ಲಿ ಸಿಕ್ಕಿರೋ ಬಿರಡೆ ಚೂರು, ಇವೇ ಸಾಕ್ಷಿ, ಒಂದ್ಸಲ ಹೋದ್ರೆ ಹೋಯ್ತು. ಮುದ್ರೆ ಇರೋ ಹೊರಮೈನ ಮಾತ್ರ ಒದ್ದೆ ಬಟ್ಟೇಲಿ ಒರೆಸಿ. ಆಮೇಲೆ ಕತ್ತಲೆ ರೂಮಲ್ಲಿ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ, ಎದುರಿಗೆ ಹಿಡಿದ್ರೆ ಏನೂ ಕಾಣಲ್ಲ, ಓರೆ ಬೆಳಕಲ್ಲಿ ಸವೆದ ಅಕ್ಷರದ ನೆರಳು ಎದ್ದು ಕಾಣುತ್ತೆ.

ಮೊದಲನೇದರ ಮೈ ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಳಿ ಇದ್ಯಾ ನೋಡಿ. ಇದ್ರೆ ಉಪ್ಪಿನ ಗ್ಲೇಜು. ಗೂಡು ಸುಮಾರು 1200 ಡಿಗ್ರಿ ದಾಟಿದ ಮೇಲೆ ಉಪ್ಪು ಎರಚ್ತಿದ್ರು, ಅದು ಆವಿಯಾಗಿ ಅದರಲ್ಲಿರೋ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಗಾಜಿನ ಪದರ ಆಗೋದು.

ಬಿರಡೆ:
ಮೊದಲನೇದು ಡಚ್ ಜಿನ್ ಬಾಟಲಿ ಅನ್ಸುತ್ತೆ, ನಾನು ನೋಡಿದ್ದು ಇದೇ ಆಕಾರ, ಅದರ ಮೇಲೆ ವೈನಾಂಡ್ ಫೋಕಿಂಕ್ ಆಮ್‌ಸ್ಟರ್‌ಡ್ಯಾಂ ಅಂತಿತ್ತು.

ಮಣ್ಣುಬೆಂಕಿ:
ಆಕಾರ ಒಂದೇ, ಒಪ್ತೀನಿ, ಆದ್ರೆ ಆಕಾರ ನೋಡಿ ತೀರ್ಮಾನ ಮಾಡೋಕಾಗಲ್ಲ, ಯಾಕಂದ್ರೆ ಜರ್ಮನಿಯ ವೆಸ್ಟರ್‌ವಾಲ್ಡ್ ಕಡೆಯ ಕುಂಬಾರರು ಜಿನ್ನಿಗೂ ಮಿನರಲ್ ವಾಟರ್‌ಗೂ ಇಂಥದ್ದನ್ನೇ ಮಾಡ್ಕೊಡ್ತಿದ್ರು. ಇಲ್ಲಿ ಮುದ್ರೆಯೇ ಮುಖ್ಯ. 'ಸೆಲ್ಟ್' ಅಂದ್ರೆ ಸೆಲ್ಟರ್ಸ್, ಜರ್ಮನಿಯ ಒಂದು ಊರು, ಅಲ್ಲಿನ ಬುಗ್ಗೆ ನೀರು ಎಷ್ಟು ಫೇಮಸ್ ಅಂದ್ರೆ ಗ್ಯಾಸ್ ಇರೋ ನೀರಿಗೆ ಸೆಲ್ಟ್ಜರ್ ಅನ್ನೋ ಪದ ಬಂದಿದ್ದೇ ಆ ಊರಿನ ಹೆಸರಿಂದ. ಸಿಂಹ ಆ ಊರಿದ್ದ ನಸ್ಸಾವ್ ಸಂಸ್ಥಾನದ್ದು, ಡ್ಯೂಕ್ ಆಳ್ತಿದ್ದ ಆ ಸಂಸ್ಥಾನ ಇದ್ದಿದ್ದು 1806ರಿಂದ 1866ರವರೆಗೆ, ಆಮೇಲೆ ಪ್ರಶ್ಯಾ ಅನ್ನೋ ದೊಡ್ಡ ಜರ್ಮನ್ ರಾಜ್ಯ ನುಂಗಿಹಾಕ್ತು, ಮುದ್ರೇಲಿ ಹದ್ದು ಬಂತು. ಹಾಗಾಗಿ ಅದು ನಿಜವಾಗ್ಲೂ ಸಿಂಹನಾ ಹದ್ದಾ ಅನ್ನೋದನ್ನ ಸರಿಯಾಗಿ ನೋಡಿ, ಕಾಲ ಅದರಿಂದಲೇ ಸಿಗುತ್ತೆ. ಬೆರಳು ಹಾಕೋಕಾದ್ರೆ ಕತ್ತಿನ ಒಳಗೆ ಸವರಿ, ಕುಂಬಾರನ ತಿರುಗಣೆ ಮೇಲೆ ಕೈಲಿ ಮಾಡಿದ್ದಾದ್ರೆ ಸುರುಳಿ ಸುರುಳಿಯಾಗಿ ಏರಿಳಿತ ಸಿಗುತ್ತೆ. 19ನೇ ಶತಮಾನದ ಕೊನೆಗೆ ಮಷಿನ್ ಬಂದಮೇಲೆ ಗೋಡೆ ನೆಟ್ಟಗೆ ನುಣ್ಣಗೆ ಆಯ್ತು.

ಮಸಿಕುಡಿಕೆ:
ಎರಡನೇದರ ಬಗ್ಗೆ ಹೇಳ್ತೀನಿ. ತುಟಿ ಇರೋ ಕಂದು ಸ್ಟೋನ್‌ವೇರ್ (ಕಲ್ಲಿನ ಥರ ಗಟ್ಟಿಯಾಗೋ ಹಾಗೆ ಸುಟ್ಟ ಮಣ್ಣಿನ ಪಾತ್ರೆ) ಅಂದ ತಕ್ಷಣ ನನಗೆ ಹೊಳೆಯೋದು ಇಂಕು. ಬುಡದಲ್ಲಿ ಜೆ ಬೋರ್ನ್ ಅಂಡ್ ಸನ್, ಡೆನ್ಬಿ ಪಾಟರಿ, ನಿಯರ್ ಡರ್ಬಿ, ಅದರ ಕೆಳಗೆ ಪಿ ಅಂಡ್ ಜೆ ಆರ್ನಾಲ್ಡ್ ಲಂಡನ್ ಅಂತ ಸಿಕ್ಕಿದ್ರೆ ಪಕ್ಕಾ ಇಂಕಿನ ಬಾಟಲಿ: ಬೋರ್ನ್ ಮಾಡಿದವರು, ಆರ್ನಾಲ್ಡ್ ತುಂಬಿಸಿ ಮಾರಿದವರು. ಇದನ್ನ ತುಂಬಾ ಜನ ಗೊಂದಲ ಮಾಡ್ಕೋತಾರೆ, ಒಂದೇ ಮುದ್ರೇಲಿ ಎರಡು ಹೆಸರು ಇದ್ರೆ ಒಂದು ಕುಂಬಾರಿಕೆದು, ಇನ್ನೊಂದು ಒಳಗಿದ್ದ ಮಾಲಿನದು. ಮಾಚಿಕಾಯಿ, ಅನ್ನಭೇದಿ ಹಾಕಿ ಮಾಡ್ತಿದ್ದ ಇಂಕಾದ್ರೆ ತಳದಲ್ಲಿ ನೀಲಿ ಕಪ್ಪು ಇಲ್ಲಾ ತುಕ್ಕಿನ ಬಣ್ಣದ ಹೊಪ್ಪಳೆ ಇರುತ್ತೆ. ಎಣ್ಣೆ ಆಗಿದ್ರೆ ಜಿಡ್ಡು, ಕಮಟು ವಾಸನೆ. ಆದ್ರೆ ಮೂಗು ಹತ್ರ ಇಟ್ಟು ಎಳೀಬೇಡಿ, ನಾಲಿಗೆಗೆ ತಾಗಿಸೋದಂತೂ ಬೇಡವೇ ಬೇಡ, ಇಂಥ ಹೂಜಿಗಳಲ್ಲಿ ಆಸಿಡ್ ಕೂಡ ಇಡ್ತಿದ್ರು.

ಮನೆಯೋರ ಮಾತನ್ನೂ ತಳ್ಳಿಹಾಕಬೇಡಿ. ಮೊದಲು ಏನಿತ್ತು, ಕೊನೆಗೆ ಏನಿತ್ತು ಅನ್ನೋದು ಬೇರೆ ಬೇರೆ ಪ್ರಶ್ನೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ರಮ್ ಹೋಗ್ತಿದ್ದ, 'ಎಸ್ ಆರ್ ಡಿ' ಅಂತ ಮುದ್ರೆ ಇದ್ದ ಜಾಡಿಗಳಲ್ಲೇ ಬೇರೆ ಸಾಮಾನೂ ತುಂಬಿಸ್ತಿದ್ರು.

ಬಿರಡೆ:
ಸರಿ, ನಾನು ಮುದ್ರೆ ಗಮನಿಸದೆ ಹೇಳ್ಬಿಟ್ಟೆ. ಲ್ಯಾಬಲ್ಲಿ ಟೆಸ್ಟ್ ಮಾಡಿಸಬಹುದಲ್ವಾ?

ಮಣ್ಣುಬೆಂಕಿ:
ಗ್ಲೇಜಿಲ್ಲದ ಮಣ್ಣಿನ ಪಾತ್ರೆ ಆದ್ರೆ ಅದಕ್ಕೆ ಅರ್ಥ ಇದೆ, ಅದರ ರಂಧ್ರಗಳು ಕೊಬ್ಬು ಹೀರ್ಕೊಂಡು ಸಾವಿರಾರು ವರ್ಷ ಹಿಡ್ಕೊಂಡಿರ್ತವೆ. ಇರಾನಿನ ಹಾಜಿ ಫಿರೂಜ್ ದಿಬ್ಬದ ಏಳು ಸಾವಿರ ವರ್ಷ ಹಳೇ ಜಾಡೀಲಿ ವೈನ್ ಇತ್ತು ಅಂತ ಹೇಳಿದ್ದು ದ್ರಾಕ್ಷಿಯಲ್ಲಿರೋ ಟಾರ್ಟಾರಿಕ್ ಆಸಿಡ್ ಗುರುತಿಂದ. ಸ್ಟೋನ್‌ವೇರ್ ಹೀರೋದೇ ಇಲ್ಲ ಅನ್ನಬಹುದು, ಅದಕ್ಕೇ ತಳದ ಕರೆ ಉಳಿಸ್ಕೊಳ್ಳಿ ಅಂದಿದ್ದು.

ಅಟ್ಟದಹುಡುಕಾಟ:
ಓರೆ ಟಾರ್ಚ್ ಹಿಡಿದೆ, ಮೈ ಝುಂ ಅಂತು! ಕುಳ್ಳುದರಲ್ಲಿ 'ಡರ್ಬಿ' ಸ್ಪಷ್ಟವಾಗಿದೆ, ಕೆಳಗಿನ ಸಾಲಲ್ಲಿ 'ನಾಲ್ಡ್' ಅನ್ನೋ ತುದಿ ಕಾಣ್ತಿದೆ, ತಳದಲ್ಲಿ ಕಪ್ಪು ಹೊಪ್ಪಳೆ, ಅದರ ಮೇಲೆ ಜಿಡ್ಡು ಇದೆ, ಅಂದ್ರೆ ಇಂಕು ಮುಗಿದ ಮೇಲೆ ಎಣ್ಣೆ ಹಾಕಿದಾರೆ. ಉದ್ದದ್ದರ ಪ್ರಾಣಿಗೆ ಬಾಲ ಮೇಲಕ್ಕೆ ಸುತ್ಕೊಂಡಿದೆ, ರೆಕ್ಕೆ ಇಲ್ಲ, ಕಿವಿ ಕೆಳಗೆ ಒಂದು ಅಕ್ಷರ, ಒಂದು ನಂಬರ್ ಕೂಡ ಇದೆ, ಅದು ಏನು?

ಮಣ್ಣುಬೆಂಕಿ:
ರೆಕ್ಕೆ ಇಲ್ಲ ಅಂದ್ರೆ ಸಿಂಹವೇ, 1866ಕ್ಕಿಂತ ಮುಂಚಿನದು. ಅಕ್ಷರ ಕುಂಬಾರರ ಹಳ್ಳಿದು, ನಂಬರ್ ಆ ಹೂಜಿ ಮಾಡಿದ ಕುಂಬಾರನದು. ಫೋಟೋ ತೆಗೆದು ಹಾಕಿ, ಹಳ್ಳಿ ಯಾವುದು ಅಂತ ಹುಡುಕೋಣ.